ಸೊನ್ನೆ ಟಿಕೀಟು

ಮುದ್ದೇಬಿಹಾಳ ಡಿಪೋದಾಗ
ನಸಿಕಿನ ಐದರ ಗಾಡಿ ನಂದು.
ಕೊರಳಾಗ ಮಶೀನು, ಕೈಗೆ ಹತ್ತಿ ಗ್ಲೌಸು,
ಬೆರಳ ತುದಿ ಕತ್ತರಿಸಿದ್ದು.
ಚಿಲ್ಲರ ಎಣಸಾಕ ಉಗುರು ಬೇಕಲ್ಲ.

ಢವಳಗಿಯಾಗ ಹತ್ತೂ ಮಾಸ್ತರು
ಎರಡು ಬೆರಳು ಚಿಮಟಿಗಿ ಮಾಡಿ ನೋಟು ಚಾಚತಾರ.
ಉಳಿದ ಎಂಟು ರೂಪಾಯಿ
‘ಅಲ್ಲೇ ಸೀಟಿನ ಮ್ಯಾಲ ಇಡ್ರಿ ಬಾಯಾರ.’
ಇಡತೀನಿ.
ಗಾಡಿ ತೆಗ್ಗಿಗೆ ಬಿದ್ದು, ನಾಣ್ಯ ಉರುಳಿ
ಯಾರದೋ ಕೋಳಿಬುಟ್ಟಿ ಕೆಳಗ ಹೋಗತೈತಿ.
ಅವರು ಬಗ್ಗಿ ಹುಡಕತಾರ.
ನಾ ಹುಡಕೂದಿಲ್ಲ.

ಇದು ಹತ್ತೂದಲ್ರೀ, ಇಸಬು.
ಈ ಗಾಡಿಯಾಗ ಹತ್ತೂದು ಮಂದಿ ಅಷ್ಟ.

ನಮ್ಮಪ್ಪಗ ದಮ್ಮಿತ್ತು.
ಸೋದರತ್ತಿ ಜೋಳ ಕೇರಾಕ ಕುಂತ್ರ
ಒಂದ ಉಸುರಿಗೆ ಮೂವತ್ತು ಸಲ ಶೀನತಿದ್ದಳು,
ನಾವು ಹುಡುಗ್ರು ಎಣಿಸಿ ನಗತಿದ್ವಿ.
ನನಗ ಕೈ.
ಬ್ಯಾರೆ ಬ್ಯಾರೆ ಜಡ್ಡು ಅಂತ ತಿಳಿದಿದ್ವಿ,
ಬ್ಯಾರೆ ಬ್ಯಾರೆ ಮನಿಯಾಗ ಬ್ಯಾರೆ ಬ್ಯಾರೆ ದೇವರಿಗೆ ಬೇಡಿಕೊಂಡ್ವಿ.

ವಿಜಾಪುರದ ಡಾಕ್ಟರಮ್ಮ
ಚೀಟಿ ತಿರುವಿ ಹಾಕಿ ಗೆರಿ ಎಳದಳು:
ತೊಗಲು, ಹೊಟ್ಟಿ, ಮೂಗು, ಎದಿ.
‘ಒಂದ ರೂಟಿನ ಸ್ಟಾಪು ಇವು, ನಿಮಗ ಹೇಳಬೇಕೇನ್ರಿ?
ಎಲ್ಲಾ ಕೂಸಿಗೂ ಕಡೀತನ ಹೋಗೂದಿಲ್ಲ.
ಎಷ್ಟೋ ಮಂದಿಗೆ ನಡುವ ಇಳದು ಹೋಗತೈತಿ.’
ನಮ್ಮದು ಎಲ್ಲಿ ಇಳಿತೈತಿ ಅಂತ ಕೇಳಿದೆ.
ಪೆನ್ನಿನ ಟೊಪ್ಪಿಗಿ ಹಾಕಿದಳು.

ಭುವನಾಗ ಮೊದಲ ಮೊಣಕೈ ಮಡಚಿನ್ಯಾಗ,
ಆಮ್ಯಾಲ ಮೊಣಕಾಲ ಹಿಂದ, ಕಿವಿ ಬುಡಕ್ಕ.
ಮೂರನೇ ವರ್ಷಕ್ಕ ಶೇಂಗಾ.
ಬಾಜೂ ಮನ್ಯಾಗ ಒಂದು ತುತ್ತು ರೊಟ್ಟಿ-ಹಿಂಡಿ ತಿಂದು ಬಂದಳು,
ತುಟಿ ಬದನಿಕಾಯಿ ಆಗಿತ್ತು.
ಶೇಂಗಾ ಹಾಕದ ಪಲ್ಲೆಕ್ಕ
ನಮ್ಮ ಊರಾಗ ಪಲ್ಲೆ ಅಂತ ಯಾರು ಅಂತಾರ?
‘ಮೂವತ್ತು ವರ್ಷ ಕುಟ್ಟಿದ ಹಿಂಡಿ ಈಗ ವಿಷ ಆತೇನ?’
ಅತ್ತಿ ಎರಡು ದಿನ ಮಾತು ಬಿಟ್ಟಳು.
ಈಗ ಡಬ್ಬಿ ಆಕಿ ಟ್ರಂಕಿನ್ಯಾಗ ಐತಿ.
ಎಲ್ಲಾರೂ ಮಲಗಿದ ಮ್ಯಾಲ ಒಬ್ಬಾಕೀನ ತಿಂತಾಳ,
ಮೂರು ಸಲ ಸಾಬಾಣ ಹಚ್ಚಿ ಕೈ ತೊಳಕೊಂಡು
ಕೂಸಿನ ಬಾಜೂಕ ಬಂದು ಮಲಗತಾಳ.
ನಾ ನೋಡಿಲ್ಲ ಅಂತ ತಿಳದಾಳ.

ತೊಗರಿ ರಾಶಿ ದಿನ ಒಂದು ರಾತ್ರಿ
ಸಣ್ಣ ಸೀಟಿ ಕೇಳಿತು.
ಗೂಟಕ್ಕ ಹಾಕಿದ ನನ್ನ ಖಾಕಿ ಅಂಗಿ ಕಿಸೇದಾಗ
ನನ್ನ ಸೀಟಿ ತಣ್ಣಗ ಇತ್ತು.
ಇದು ಕೂಸಿನ ಎದ್ಯಾಗಿಂದ.
ನನಗ ಗೊತ್ತಿರೂದು ಎರಡ:
ಒಂದು ಊದಿದ್ರ ನಿಂದ್ರು, ಎರಡು ಊದಿದ್ರ ಹೊಂಡು.
ಇದು ಯಾವುದು ಅಂತ ಎಣಿಸಿಕೋತ
ಬೆಳಗು ಮಾಡಿದೆ.

ಕಾಲಚೀಲ ಕೈಗೆ ತೊಡಿಸಿ ಮಲಗಸತೀನಿ.
ನಿದ್ದ್ಯಾಗ ಹಲ್ಲಿಲೆ ಕಿತ್ತು ಒಗಿತಾಳ,
ಚೀಲದಾಗ ಇಲಿ ಹೊಕ್ಕಂಗ ಪರ ಪರ.
ಮುಂಜಾನೆ ಚಾದರದ ಮ್ಯಾಲ ಕಂದು ಚುಕ್ಕಿ,
ತಣ್ಣೀರಿಗೆ ಹೋಗತಾವು, ಬಿಸಿನೀರಿಗೆ ಕಚ್ಚತಾವು.
ಸಾಲ್ಯಾಗ ಕಣ್ಣು ಮುಚ್ಚಿ ಕುಂತಿರತಾಳಂತ,
ಬೆಂಚಿನ್ಯಾಗ ಆ ಕಡಿ ಯಾರೂ ಇಲ್ಲ.
‘ಹುಡುಗಿ ಮಂದ ಅದಾಳ’ ಅಂದ್ರು ಅಕ್ಕಾರು.
ಮಂದ ಅಲ್ರೀ, ನಿದ್ದಿ.

ಒಂದು ಸ್ಟಾಪು ಡಾಕ್ಟರಮ್ಮ ಬರೀಲಿಲ್ಲ.
ಬಾಗಿಲಿಗೆ ಬಂದಾಗ, ಕೂಸಿನ್ನಲ್ಲ, ನನ್ನ ನೋಡಿ ಕೇಳಿದಳು:
‘ನೀವು ಮಲಗತೀರೇನ್ರಿ?’
ಡ್ಯೂಟಿ ಐತ್ರಿ ಅಂದೆ.

ಐತವಾರ ಭುವನಾ ನನ್ನ ಗಾಡಿಯಾಗ ಬರತಾಳ.
ಡ್ರೈವರ್ ದಸ್ತಗೀರಣ್ಣ ಶೇಂಗಾ ತಿನ್ನೂದು ಬಿಟ್ಟು
ಪುಠಾಣಿ ಕಟ್ಟಿಸಿಕೊಂಡು ಬರತಾನ.
ಆಕಿಗೂ ಸೊನ್ನೆ ಟಿಕೀಟು ಹರದು ಕೊಡತೀನಿ.
‘ಅವ್ವಾ, ತುರಿಕಿಗೂ ಸೊನ್ನೆ ಏನ?’
‘ಹೂಂ, ಅದೂ ನಮ್ಮ ಜೋಡಿನ ಬರತೈತಲ್ಲ.’

ಇವತ್ತು ಮಾಸ್ತರಿಗೆ ಚಿಲ್ಲರ ಆಕಿನ ಕೊಟ್ಟಳು,
ಗ್ಲೌಸಿಲ್ಲದ ಕೈ, ಅಂಗೈ ತುಂಬ ಬಿರುಕು,
ಎಂಟು ರೂಪಾಯಿ, ಎರಡೆರಡು ಸಲ ಎಣಿಸಿ.
ಅವರು ನನ್ನ ಮುಖ ನೋಡಿದ್ರು.
ತಗೊಂಡ್ರು.
ಆಕಿ ಕಿಡಕಿ ಕಡಿ ಹೊಳ್ಳಿದ ಮ್ಯಾಲ
ಧೋತರಕ್ಕ ಕೈ ಒರಸಿಕೊಂಡ್ರು.

ಆಕಿ ನೋಡಲಿಲ್ಲ.
ನಾ ನೋಡಿದೆ.
ರೊಕ್ಕದ ಚೀಲದಾಗ ನಾಣ್ಯದ ಜೋಡಿ ಆಕಿ ಪಂಪು,
ಇನ್ನೂ ನೂರಾಹತ್ತು ಸಲ ಒತ್ತಬಹುದು ಅಂತ ಅದರ ಬೆನ್ನಿಗೆ ಬರದೈತಿ.
ಹೂವಿನಹಿಪ್ಪರಗಿ ಬಂತು, ಮಂದಿ ಇಳದ್ರು, ಮಂದಿ ಹತ್ತಿದ್ರು.
ಎರಡು ಸೀಟಿ ಊದಿದೆ.